ಅಣ್ಣನ ಹಾಡಿನ ಹಕ್ಕು

ಆಮ್ರಪಾಲಿ ಮೊಬೈಲನ್ನು ಅತ್ತೆಯ ಮುಂದಿಟ್ಟಳು. ತೀರಿಹೋದ ಅಣ್ಣ ಮಾಣಿಕನ ಮೇಲೆ ತಾನೇ ಹಾಡು ಕಟ್ಟಿ, ತಾನೇ ಹಾಡಿ, ಔರಾದದಲ್ಲಿದ್ದ ತಾಯಿ ಕೇಳಲೆಂದು ಹಾಕಿದ್ದ ವಿಡಿಯೊ ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ಹಾಡಿನ ಹಕ್ಕು ಬೇರೆಯವರದು, ಅನುಮತಿಯಿಲ್ಲದೆ ಬಳಸಿದ್ದೀರಿ ಎಂಬ ಸೂಚನೆ ಬಂದಿತ್ತು. ತನ್ನ ಅಣ್ಣ, ತನ್ನ ಗಂಟಲು, ತನ್ನ ಕಣ್ಣೀರು... ಹಕ್ಕು ಮಾತ್ರ ಯಾರದೋ!

ತಪ್ಪು ನಡೆದದ್ದು ಭಾಲ್ಕಿಯ ಅದೇ ಮನೆಯ ಪಡಸಾಲೆಯಲ್ಲಿ. ಬೀದರಿನ ಮೈಲೂರಿನಿಂದ ಬಂದ ಸಂಜುಕುಮಾರನೆಂಬ ಸಿನಿಮಾದವನು ಹಾಡು ಕೇಳಿ ಕಣ್ಣೊರೆಸಿಕೊಂಡು, ಕಟ್ಟಿದವರು ಸಹಿ ಹಾಕಬೇಕೆಂದು ಕರಾರುಪತ್ರ ಚಾಚಿದ್ದ. ಹಿರಿಯರು ಕೂತಿರುವಾಗ ಸೊಸೆ ಪೆನ್ನು ಹಿಡಿಯುವುದುಂಟೇ? ಆಮ್ರಪಾಲಿಯೇ ಸೆರಗು ಸರಿಮಾಡಿಕೊಂಡು, ದೊಡ್ಡವರು ನೀವಿದ್ದೀರಿ, ನೀವೇ ಹಾಕಿರಿ ಎಂದು ಅತ್ತೆಯ ಕಡೆ ಸರಿಸಿದ್ದಳು. ಮರ್ಯಾದೆಗೆಂದು ಮಾಡಿದ್ದು! ಅತ್ತೆ ಕೌಸಲ್ಯಾಬಾಯಿ ಒಲ್ಲೆ ಎನ್ನಲಿಲ್ಲ. ಹಾಡು ಕಟ್ಟಿದವಳು ತಾನೇ ಎಂದೂ, ಅದನ್ನು ಸಿನಿಮಾ ಕಂಪನಿಯ ಹೊರತು ಯಾರೂ ಎಲ್ಲಿಯೂ ಬಳಸಕೂಡದೆಂದೂ ಒಪ್ಪಿ ಸಹಿ ಹಾಕಿದಳು. ಸಿನಿಮಾದಲ್ಲಿ ಅವಳ ಹೆಸರು ಬಂತು, ಓಣಿಯವರು ಶಾಲು ಹೊದಿಸಿದರು, ಬರಬರುತ್ತ ಹಾಡು ನಿಜಕ್ಕೂ ತನ್ನದೇ ಎಂದು ಅವಳಿಗೆ ಅನ್ನಿಸತೊಡಗಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂದು ಸುಮ್ಮನೆ ಹೇಳುತ್ತಾರೆಯೇ?

ಭಾನುವಾರ ಔರಾದದಲ್ಲಿ ಮಾಣಿಕನ ವರ್ಷದ ಸ್ಮರಣೆ. ಮಗಳು ಎಲ್ಲರೆದುರು ಆ ಹಾಡು ಹಾಡಬೇಕೆಂದು, ಕರಾರಿನ ಸಂಗತಿಯೇ ತಿಳಿಯದ ತಾಯಿಯ ಆಸೆ. ಗಂಡ ಕೈಲಾಶ ಸಂಜುಕುಮಾರನಿಗೆ ಫೋನು ಮಾಡಿ ನೋಡಿದ. ಸಹಿ ಹಾಕಿದವರೇ ಹಾಡು ತಮ್ಮದಲ್ಲವೆಂದು ಬರೆದುಕೊಟ್ಟರೆ ಕರಾರು ತಿದ್ದಬಹುದು ಎಂಬ ಉತ್ತರ ಬಂತು.

"ಒಂದು ಮಾತು ಬರದು ಕೊಡ್ರಿ, ಅತ್ತಿ," ಎಂದಳು ಆಮ್ರಪಾಲಿ.

ಕೌಸಲ್ಯಾಬಾಯಿ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಶಾಲು ಹೊದಿಸಿಕೊಂಡಾಕಿ ನಾನು. ಈಗ ನಾನು ಸುಳ್ಳಿ ಅಂತ ಓಣಿಗೆಲ್ಲ ಸಾರಲೇನು?"

ತಾಯಿಗೆ ಎದುರಾಡುವ ಎದೆ ಕೈಲಾಶನಿಗೆ ಯಾವತ್ತೂ ಇರಲಿಲ್ಲ.

"ಹಂಗಾರ ನಮ್ಮಣ್ಣನ ಸಲುವಾಗಿ ಅಳಲಿಕ್ಕೂ ನಿಮ್ಮ ಪರವಾನಗಿ ಬೇಕೇನ್ರಿ?"

"ಅಳು. ಅಳಬ್ಯಾಡ ಅಂತ ಯಾರಂದಾರ? ಹಾಡಬ್ಯಾಡ, ಅಷ್ಟೇ."

ಔರಾದದ ಬಸ್ಸಿನಲ್ಲಿ ಕೈಲಾಶ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ. ಯಾರಾದರೂ ಹಾಡನ್ನು ಮೊಬೈಲಿನಲ್ಲಿ ಹಿಡಿದು ಜಾಲಕ್ಕೆ ಹಾಕಿದರೆ, ಕರಾರು ಮುರಿದರೆಂದು ಕಂಪನಿ ನನ್ನ ತಾಯಿಯ ಮೇಲೆ ದಾವೆ ಹೂಡುತ್ತದೆ, ಈ ವಯಸ್ಸಿನಲ್ಲಿ ಅವಳನ್ನು ಕೋರ್ಟಿಗೆ ಎಳೆಯಬೇಡ ಎಂದ.

ಮಾಣಿಕನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲರೂ ಕೂತರು. ತಾಯಿ, "ಹಾಡವ್ವಾ," ಎಂದಳು. ನೆಂಟರ ಮೊಬೈಲುಗಳು ಮೇಲೆದ್ದವು. ಆಮ್ರಪಾಲಿ ಬಾಯಿ ತೆರೆದಳು... ಕೋರ್ಟಿನಲ್ಲಿ ನಿಂತ ಅತ್ತೆಯ ಬಿಳಿಗೂದಲು ಕಣ್ಣಿಗೆ ಕಟ್ಟಿತು. ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

ತಾಯಿ ಮಗಳ ಬೆನ್ನ ಮೇಲಿದ್ದ ಕೈ ತೆಗೆದುಕೊಂಡು ಕೇಳಿದಳು:

"ವರ್ಷದಾಗ ಅಣ್ಣನ್ನ ಮರತಿಯಲ್ಲವ್ವಾ?"