ತವರುಮನೆ ಕೊಂಡವಳು

ಶಿವರಂಜನಿ ವಕೀಲರನ್ನು ಆರಿಸಲು ಹೊರಟಿದ್ದು ಸಂತೆಯಲ್ಲಿ ಹಸು ನೋಡುವವಳ ಹಾಗೆ. ತಪ್ಪೇನಿಲ್ಲ, ಅವಳ ಕಸುಬೇ ಅದು. ಹಿಂದೂಪುರದ ಹುಡುಗಿ, ಕಲ್ಯಾಣದುರ್ಗದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಹಲ್ಲು ನೋಡದೆ ಕರುವನ್ನೂ ಕೊಳ್ಳದವಳು ಮಾತು ನೋಡದೆ ವಕೀಲರನ್ನು ಹಿಡಿಯುತ್ತಾಳೆಯೇ? ಆ ಬೆಳಿಗ್ಗೆ ಇಬ್ಬರನ್ನು ಮಾತಾಡಿಸಿ, ಇಬ್ಬರನ್ನೂ ಬೇಡವೆಂದು, ಮೂರನೆಯವನ ಮೆಟ್ಟಿಲು ಹತ್ತಿದಳು.

ಅಮರೇಶನ ಆಫೀಸು ಅವನ ಅಪ್ಪನ ದಿನಸಿ ಅಂಗಡಿಯ ಮೇಲಿತ್ತು. ಮೆಟ್ಟಿಲ ಮೇಲೆಲ್ಲ ಬೆಲ್ಲದ ವಾಸನೆ. ಅವಳು ಹೆಲ್ಮೆಟ್ಟನ್ನು ಅವನ ಮೇಜಿನ ಮೇಲೇ ಇಟ್ಟು, ಕುರ್ಚಿ ಎಳೆದುಕೊಂಡು ಕೂತಳು.

"ನೀವು ನಾನು ಕೊಳ್ಳೋ ಮನೆ ಹತ್ರ ಹೋಗಿ ನೋಡ್ತೀರೋ, ಇಲ್ಲ ಕೂತಲ್ಲೇ ಎಲ್ಲ ಸರಿಯಾಗಿದೆ ಅಂತ ಬರ್ದು ಕೊಡ್ತೀರೋ?"

"ನಮಸ್ಕಾರ," ಅಂದ ಅಮರೇಶ.

"ನಮಸ್ಕಾರ. ಹೇಳಿ."

"ಹೋಗಿ ನೋಡ್ತೀನಿ. ಅಕ್ಕಪಕ್ಕದೋರನ್ನ ಮಾತಾಡಿಸ್ತೀನಿ. ರಿಜಿಸ್ಟ್ರಾರ್ ಆಫೀಸಿಂದ ಈಸಿ, ಅಂದ್ರೆ ಋಣಭಾರ ಪತ್ರನೂ ತೆಗೆಸ್ತೀನಿ. ಆದ್ರೆ ಈಸಿಲಿ ರಿಜಿಸ್ಟರ್ ಆಗಿರೋದಷ್ಟೇ ಸಿಗ್ತದೆ ಡಾಕ್ಟ್ರಮ್ಮ. ಆಗ್ದೇ ಇರೋದೆಲ್ಲ ಬೀದಿ ಜನಕ್ಕೇ ಗೊತ್ತಿರ್ತದೆ."

ಉತ್ತರ ಅವಳಿಗೆ ಇಷ್ಟವಾಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ, ಆದರೆ ಅವಳ ಎಡಗೆನ್ನೆಯಲ್ಲಿ ಒಂದು ಗುಳಿ ಬಿದ್ದು ಗುಟ್ಟು ಬಿಟ್ಟುಕೊಟ್ಟಿತು. ಅಮರೇಶ ಆ ಗುಳಿಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

"ಸ್ವಂತ ಮನೆ ಯಾಕೆ? ಕ್ವಾರ್ಟರ್ಸ್ ಸಿಗಲ್ವಾ?"

"ಊರೂರು ಸುತ್ತಿ ಬಾಡಿಗೆ ಮನೇಲಿದ್ದು ಸಾಕಾಗಿದೆ. ಎಲ್ಲಾ ಕಡೆ ಒಂದೇ ಮಾತು, ಗೋಡೆಗೆ ಮೊಳೆ ಹೊಡೀಬೇಡಿ. ಒಂದು ಗಡಿಯಾರ ನೇತು ಹಾಕೋಕೂ ಓನರ್ ಅಪ್ಪಣೆ ಬೇಕು. ನಂಗೆ ಯಾರನ್ನೂ ಕೇಳ್ದೆ ಮೊಳೆ ಹೊಡೆಯೋ ಗೋಡೆ ಬೇಕು, ಅಷ್ಟೇ."

ಅವನು ನಕ್ಕ. ಅವಳು ಫೈಲು ಮುಂದಿಟ್ಟಳು. "ಕೋಟೆ ಬೀದಿ. ತಿಪ್ಪೇರುದ್ರಪ್ಪ ಅನ್ನೋರ ಮನೆ. ಹಿತ್ಲಲ್ಲಿ ನುಗ್ಗೆ ಮರ, ಮುಂದೆ ಕಲ್ಲಿನ ಜಗಲಿ."

ಅಮರೇಶನ ನಗು ನಿಂತಿತು. ಫೈಲನ್ನು ತೆರೆಯದೆ, ಹಾಗೇ ಅವಳ ಕಡೆಗೆ ಸರಿಸಿದ.

"ಈ ಕೆಲಸ ನನ್ನಿಂದ ಆಗಲ್ಲ."

"ಯಾಕೆ?"

"ಹೇಳೋಕೆ ಬರಲ್ಲ. ಬೇರೆ ಯಾರನ್ನಾದ್ರೂ ಹಿಡ್ಕೊಳ್ಳಿ. ಆದ್ರೆ ಈ ಊರಿನೋರನ್ನೇ ಹಿಡ್ಕೊಳ್ಳಿ."

"ಒಂಟಿ ಹೆಂಗ್ಸು ಮನೆ ಕೊಳ್ತಾಳೆ ಅಂತಾನಾ?"

"ಅಯ್ಯೋ, ಅದಲ್ಲ..."

ಅವಳು ಹೆಲ್ಮೆಟ್ಟು ಎತ್ತಿಕೊಂಡಾಗಿತ್ತು. ಮೆಟ್ಟಿಲಿಳಿಯುವ ಸದ್ದಿನಲ್ಲೇ ಅವಳ ಸಿಟ್ಟು ಕೇಳಿಸಿತು. ಊರಿನ ವಕೀಲರ ಸಹವಾಸವೇ ಬೇಡವೆಂದು ಅವಳು ಕಾಗದಗಳನ್ನೆಲ್ಲ ಫೋಟೋ ತೆಗೆದು ಹಿಂದೂಪುರದ ಒಬ್ಬ ದೊಡ್ಡ ವಕೀಲರಿಗೆ ಕಳಿಸಿಬಿಟ್ಟಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸುವರ್ಣಮ್ಮನ ಹಸು ಕೆಂಪಿಗೆ ಕೆಚ್ಚಲು ಬಾವು ಬಂದಿತು.

ಫೋನು ಬಂದ ಮನೆಗೆ ಶಿವರಂಜನಿ ಬ್ಯಾಗು ಹಿಡಿದು ಹೋದರೆ, ಹಸುವಿನ ಮೂಗುದಾರ ಹಿಡಿದು ನಿಂತಿದ್ದವನು ಅದೇ ಅಮರೇಶ. ಸುವರ್ಣಮ್ಮ ಅವನ ತಾಯಿ.

"ಓಹೋ. ಇಲ್ಲೂ ನನ್ನಿಂದ ಆಗಲ್ಲ ಅಂತೀರಾ?"

"ಹಸು ಹಿಡ್ಕೊಳ್ಳೋದು ಆಯ್ತದೆ," ಅಂದ ಅವನು, ಮೆಲ್ಲಗೆ.

ಇಂಜೆಕ್ಷನ್ ಚುಚ್ಚಿದ ಕೂಡಲೇ ಕೆಂಪಿ ತಲೆ ಕೊಡವಿ, ಕೋರ್ಟಿಗೆಂದು ಇಸ್ತ್ರಿ ಮಾಡಿದ ಅವನ ಬಿಳಿ ಶರ್ಟಿನ ತುಂಬ ಜೊಲ್ಲು ಬಳಿಯಿತು. ಶಿವರಂಜನಿ ಬಾಯಿ ಬಿಟ್ಟು ನಕ್ಕಳು. ಸಿಟ್ಟು ಮಾಡಿಕೊಂಡಿದ್ದೇನೆ ಎಂಬುದು ನೆನಪಾಗಿ ನಿಲ್ಲಿಸಲು ನೋಡಿದಳು, ಆಗಲಿಲ್ಲ. ಅವಳ ಮನಸ್ಸು ಜಾರಿದ್ದು ಆಗಲೇ.

ಬಾವು ಇಳಿಯುವವರೆಗೂ ದಿನಾ ಬರಬೇಕಾಯಿತು. ದಿನಾ ಸುವರ್ಣಮ್ಮ ಜೋಳದ ರೊಟ್ಟಿಗೆ ಕಡಲೆಕಾಯಿ ಚಟ್ನಿ ಹಾಕಿ ಕೈಗೆ ಕೊಡುತ್ತಿದ್ದರು. "ತಿನ್ನು ತಾಯಿ. ದನ ನೋಡೋಳು ದನದಂಗೆ ತಿನ್ನಬೇಕು ಕಣಮ್ಮ," ಎನ್ನುತ್ತಿದ್ದರು. ಅಮರೇಶ ಕಂಬಕ್ಕೆ ಒರಗಿ ನೋಡುತ್ತಿದ್ದ. ಅವಳು ರೊಟ್ಟಿ ಮುರಿಯುತ್ತ ಕಣ್ಣೆತ್ತಿದರೆ ಅವನು ಹಸುವನ್ನು ನೋಡುತ್ತಿದ್ದ, ಅವನು ಅತ್ತ ತಿರುಗಿದರೆ ಅವಳು ಅವನನ್ನು ನೋಡುತ್ತಿದ್ದಳು. ಕೆಂಪಿಯ ಬಾವು ವಾಸಿಯಾದ ಮೇಲೂ ಡಾಕ್ಟರು ಒಂದಿಷ್ಟು ದಿನ ಬಂದರು. ಅದೇಕೆಂದು ಕೆಂಪಿಯನ್ನೊಂದು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮನೆ ಕೊಳ್ಳುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಕೇಳಿದರೆ ಜಗಳವಾಗುತ್ತದೆಂದು ಅವಳಿಗೆ, ಹೇಳಿದರೆ ಅವಳು ಬರುವುದೇ ನಿಲ್ಲುತ್ತದೆಂದು ಅವನಿಗೆ ಭಯ.

ಒಂದು ಶನಿವಾರ ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಅಮರೇಶ ಕಲ್ಯಾಣದುರ್ಗದ ಬಸ್ಸು ಹತ್ತಿದರೆ, ಕಿಟಕಿ ಪಕ್ಕದ ಸೀಟಿನಲ್ಲಿ ಶಿವರಂಜನಿ. ಅಣ್ಣನ ಮನೆಗೆ ಹೋಗಿ ವಾಪಸ್ಸು ಹೊರಟಿದ್ದಳು. ಅವನದು ಕೋರ್ಟಿನ ಕೆಲಸ. ಅವಳು ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡು ಜಾಗ ಕೊಟ್ಟಳು. ಬಸ್ಸಿನ ತಿರುವುಗಳಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು. ಇಬ್ಬರೂ ಸಾರಿ ಹೇಳಲಿಲ್ಲ.

ಪೆನುಕೊಂಡ ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು. "ಸೋಮವಾರ ನನ್ನ ಮನೆ ರಿಜಿಸ್ಟ್ರೇಶನ್. ಹಿಂದೂಪುರದ ಲಾಯರ್ರು ಎಲ್ಲಾ ನೋಡಿ ಕ್ಲಿಯರ್ ಅಂದ್ಬುಟ್ರು. ನೀವು ಸುಮ್ನೆ ಹೆದರ್ಸಿದ್ರಿ."

"ಅವರು ಮನೆ ಹತ್ರ ಬಂದು ನೋಡಿದ್ರಾ?"

"ವಾಟ್ಸಾಪಲ್ಲಿ ಎಲ್ಲಾ ಕಳ್ಸಿದ್ದೆನಲ್ಲ."

ಅಮರೇಶ ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿದ, ಬಿಡಿಸಿದ. ಸುಮ್ಮನಿದ್ದರೆ ಸೋಮವಾರ ಅವಳು ಖುಷಿಯಾಗಿ ಗೋಡೆಗೆ ಮೊಳೆ ಹೊಡೆಯುತ್ತಾಳೆ, ಮುಂದೊಂದು ದಿನ ಆ ಗೋಡೆಯೇ ಅವಳದಲ್ಲ ಎಂದಾಗಬಹುದು. ಹೇಳಿದರೆ ಮನೆ ಇವತ್ತೇ ಕೈ ತಪ್ಪುತ್ತದೆ, ಬಹುಶಃ ಅವಳೂ.

"ಆ ಮನೆ ಕಟ್ಟಿಸಿದ ಯಜಮಾನ್ರಿಗೆ ಮಕ್ಕಳೆಷ್ಟು ಜನ ಅಂತ ಕೇಳಿದ್ರಾ?"

"ತಿಪ್ಪೇರುದ್ರಪ್ಪನವರೊಬ್ರೇ."

"ಇಬ್ರು. ಒಬ್ರು ತಂಗಿ ಇದ್ದಾರೆ. ಯಜಮಾನ್ರು ವಿಲ್ ಬರೀದೇ ಹೋದ್ರು, ಹಂಗಾಗಿ ಅರ್ಧ ಮನೆ ತಂಗಿದೇ. ಅವರ ಸೈ ಇಲ್ದೆ ನೀವು ಕೊಂಡ್ರೆ ನಾಳೆ ಯಾವತ್ತಾದ್ರೂ ತಕರಾರು ಬರಬಹುದು."

"ಎಲ್ಲಿದ್ದಾರೆ ಆ ತಂಗಿ?"

"ನಿಮಗೆ ದಿನಾ ರೊಟ್ಟಿ ಕೊಡ್ತಾರಲ್ಲ."

ಅವಳು ಪೂರ್ತಿ ಅವನ ಕಡೆ ತಿರುಗಿದಳು. ಸಿಟ್ಟು ಬರುತ್ತದೆಂದು ಅವನು ಕಾದ. ಬಂದದ್ದು ಪ್ರಶ್ನೆ.

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಫೈಲು ಮುಟ್ಲಿಲ್ಲ. ಮಾರೋರು ನಮ್ಮ ಸೋದರಮಾವ, ಹಕ್ಕಿರೋದು ನಮ್ಮಮ್ಮಂಗೆ. ನಾನು ಏನು ಹೇಳಿದ್ರೂ ಒಂದು ಕಡೆಯೋನಾಗೇ ಹೇಳ್ಬೇಕಾಗಿತ್ತು. ಅಮ್ಮನ ನೋವು ಊರ ಬಾಯಿಗೆ ಬೀಳೋದೂ ಬೇಕಿರ್ಲಿಲ್ಲ."

"ಅವ್ರು ಸೈ ಹಾಕ್ತಾರಾ?"

"ಕೇಸೂ ಹಾಕಲ್ಲ, ಸೈನೂ ಹಾಕಲ್ಲ. ತಾತ ತೀರ್ಕೊಂಡ ವರ್ಷ ಗೌರಿ ಹಬ್ಬಕ್ಕೆ ಮಾವ ಕರೀಲಿಲ್ಲ. ಸ್ವಂತ ಮನೆಗೆ ಬರೋಕೆ ಕರೀಬೇಕಾ ಅಂತ ಮಾವ, ಕರೀದೆ ತವರಿಗೆ ಹೋದ್ರೆ ಮರ್ಯಾದೆ ಏನು ಅಂತ ಅಮ್ಮ. ಇಬ್ರ ಮಧ್ಯೆ ಇರೋದು ಮೂರೇ ಬೀದಿ. ಇನ್ನೂ ಹಂಗೇ ನಿಂತವ್ರೆ."

"ಅವತ್ತು ಹೇಳ್ದೇ ಇದ್ದೋರು ಇವತ್ತು ಯಾಕೆ ಹೇಳಿದ್ರಿ?"

ಟಿಕೆಟ್ಟು ಅವನ ಬೆರಳುಗಳ ನಡುವೆ ಹರಿದೇ ಹೋಯಿತು. "ಅವತ್ತು ನೀವು ಬರೀ ಪಾರ್ಟಿ ಆಗಿದ್ರಿ. ಇವತ್ತು ಹಂಗಿಲ್ಲ ನಂಗೆ."

ಅವಳು ಕಿಟಕಿಯ ಕಡೆ ತಿರುಗಿದಳು. ಕಡಲೆಕಾಯಿ ಹೊಲಗಳ ಮೇಲೆ ಸಂಜೆ ಇಳಿಯುತ್ತಿತ್ತು. ಕಲ್ಯಾಣದುರ್ಗದಲ್ಲಿ ಇಳಿಯುವಾಗ, ಇನ್ನೇನು ಅವಳು ಹೋಗೇಬಿಡುತ್ತಾಳೆ ಅನ್ನುವಾಗ, ನಿಂತು ಕೇಳಿದಳು.

"ಈ ಊರಲ್ಲಿ, ನೀವಲ್ದೆ, ಒಳ್ಳೆ ಲಾಯರ್ ಯಾರಿದ್ದಾರೆ?"

"ಪದ್ಮಾವತಮ್ಮ. ಎಲ್ಲರಿಗೂ ಬಯ್ತಾರೆ. ನಂಗೂ ಬಯ್ತಾರೆ."

"ಹಾಗಾದ್ರೆ ಅವರೇ ಸರಿ," ಅಂದಳು. ಅವಳ ಕೆನ್ನೆಯ ಗುಳಿ ಬಿದ್ದಿತೋ ಇಲ್ಲವೋ ಕತ್ತಲಲ್ಲಿ ಅವನಿಗೆ ಕಾಣಲಿಲ್ಲ.

ಪದ್ಮಾವತಮ್ಮನದು ಬಿಳಿ ತುರುಬು, ದಪ್ಪ ಕನ್ನಡಕ. ಬೀದಿಯ ಹೆಸರು ಕೇಳಿದ್ದೇ ತಡ, ಕಾಗದ ನೋಡದೆಯೇ ಮಾತಾಡಿದರು.

"ಸೋಮವಾರದ ರಿಜಿಸ್ಟ್ರೇಶನ್ ನಿಲ್ಸು. ಸುವರ್ಣನ್ನೂ ಮಾರೋರ ಜೊತೆ ಸೇರಿಸಿ ಪತ್ರ ನಾನು ಬರೀತೀನಿ, ಅರ್ಧ ದುಡ್ಡು ನೇರವಾಗಿ ಅವಳ ಹೆಸರಿಗೇ ಹೋಗ್ಬೇಕು. ಆದ್ರೆ ಅವಳ ಕೈಲಿ ಸೈ ಹಾಕ್ಸೋದು ಲಾಯರ್ ಕೆಲ್ಸ ಅಲ್ಲಮ್ಮ. ಅದು ಮಡ್ಲಕ್ಕಿ ಕೆಲ್ಸ."

ಹಿಂದೂಪುರದ ವಕೀಲರು ಈ ಮಾತು ಹೇಳಲು ಸಾಧ್ಯವಿರಲಿಲ್ಲ. ಪಾಪ, ಅವರಿಗೆ ಮನೆಯ ಫೋಟೋ ಗೊತ್ತು, ಮನೆಯ ಮಗಳು ಗೊತ್ತಿಲ್ಲ.

ಶಿವರಂಜನಿ ಮೊದಲು ತಿಪ್ಪೇರುದ್ರಪ್ಪನವರ ಹತ್ತಿರ ಹೋದಳು. ಹೆಂಡತಿಯನ್ನು ಕಳೆದುಕೊಂಡು, ಪೆನುಕೊಂಡದಲ್ಲಿರುವ ಮಗಳ ಅಂಗಡಿಯಲ್ಲಿ ಗಲ್ಲಾ ಮೇಲೆ ಕೂರುವ ಉತ್ಸಾಹದಲ್ಲಿದ್ದ ಮನುಷ್ಯ. ತಂಗಿಯ ಮಾತೆತ್ತಿದ್ದೇ ಧ್ವನಿ ಏರಿಸಿದರು. "ಏಂಟಮ್ಮಾ ಇದು, ಅವಳೇ ಬರ್ಲಿಲ್ಲ! ನಾನೇನು ಬಾಗ್ಲು ಹಾಕಿದ್ನಾ?" ಎಂದರು. ಅವಳು ಸುಮ್ಮನೆ ಕೂತಿದ್ದಳು. ಹೆದರಿದ ಎತ್ತಿಗೆ ಅವಳು ಕೊಡುವ ಔಷಧಿಯೂ ಮೊದಲು ಅದೇ. ಧ್ವನಿ ತಾನಾಗಿ ಇಳಿಯಿತು. "ಈಗ ಯಾವ ಮುಖ ಇಟ್ಕೊಂಡು ಕರೀಲಿ ಹೇಳು."

"ನೀವು ಬಂದು ಬಾಗಿಲಲ್ಲಿ ನಿಂತ್ಕೊಳ್ಳಿ ಸಾಕು. ನಾನು ಕರೀತೀನಿ."

ಗುರುವಾರ ಬೆಳಿಗ್ಗೆ ಅವಳು ಸೀರೆಯುಟ್ಟು, ಕುಂಕುಮದ ಬಟ್ಟಲು ಹಿಡಿದು ಸುವರ್ಣಮ್ಮನ ಮನೆಗೆ ಬಂದಳು. ಬ್ಯಾಗಿಲ್ಲದೆ, ಪ್ಯಾಂಟಿಲ್ಲದೆ ಬಂದ ಡಾಕ್ಟರನ್ನು ಕಂಡು ಅಮರೇಶ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡ.

"ಅಮ್ಮ, ಮುಚ್ಚುಮರೆ ಬೇಡ. ಕೋಟೆ ಬೀದಿ ಮನೆ ಕೊಳ್ತಿರೋಳು ನಾನೇ. ಸೈ ಹಾಕೋದು ಬಿಡೋದು ನಿಮ್ಮಿಷ್ಟ, ಅದು ನಿಮ್ಮ ಹಕ್ಕು. ನೀವು ಹಾಕ್ದಿದ್ರೆ ನಾನು ಕೊಳ್ಳಲ್ಲ, ಬೇಜಾರೂ ಮಾಡ್ಕೊಳ್ಳಲ್ಲ. ಈಗ ಬಂದಿರೋದು ಕರೆಯೋಕೆ. ಮಡ್ಲಕ್ಕಿ ತಗೊಳ್ಳೋಕೆ ತವರಿಗೆ ಬನ್ನಿ."

ಸುವರ್ಣಮ್ಮ ಮಗನ ಕಡೆ ನೋಡಿದರು. ಅವನು ನೆಲ ನೋಡಿದ. "ಕರೆಯೋಕೆ ನೀನ್ಯಾರಮ್ಮ? ಕರೀಬೇಕಾದೋನು ಎಲ್ಲವ್ನೆ?"

"ಬಾಗಿಲಾಚೆ ನಿಂತಿದ್ದಾರೆ. ಒಳಗೆ ಬರೋಕೆ ನಾಚಿಕೆ ಅಂತೆ."

ಹೊರಗಿನಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಆಮೇಲೆ ತಿಪ್ಪೇರುದ್ರಪ್ಪನವರ ಧ್ವನಿ. "ಸುವರ್ಣಾ... ಬಾರಮ್ಮ. ಪದ, ನಡಿ, ಮನೆಗೆ ಹೋಗಾನ."

ಅಷ್ಟೇ ಮಾತು. ಇಷ್ಟು ವರ್ಷ ಅಷ್ಟೇ ಬೇಕಾಗಿತ್ತು. ಸುವರ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಬತ್ತೀನಿ ಇರು, ಸೀರೆ ಬದಲಾಯಿಸ್ಕಂಡು. ತವರಿಗೆ ಹಿಂಗಾ ಹೋಗ್ತಾರೆ?"

ಕೋಟೆ ಬೀದಿಯ ಮನೆಯ ನಡುಮನೆಯಲ್ಲಿ ಮಣೆ ಹಾಕಿತ್ತು. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು, ರವಿಕೆ ಕಣ. ಸುವರ್ಣಮ್ಮ ಮಣೆಯ ಮೇಲೆ ಕೂತು ಗೋಡೆಗಳನ್ನೆಲ್ಲ ಒಂದೊಂದಾಗಿ ನೋಡಿದರು. ಆಮೇಲೆ ಅನುಮಾನ ಬಂತು.

"ಅಲ್ಲ, ಅತ್ತಿಗೆ ಇಲ್ಲ. ಮದುವೆ ಆಗ್ದೋಳು ಮಡ್ಲು ತುಂಬಂಗಿಲ್ಲ ಅಂತಾರೆ. ಈ ಮನೆ ಮಾರಿದ ಮೇಲೆ ನಂಗೆ ತುಂಬೋರಾದ್ರೂ ಯಾರು?"

"ನಾನು ತುಂಬ್ತೀನಿ," ಅಂದಳು ಶಿವರಂಜನಿ. "ಪ್ರತಿ ಗೌರಿ ಹಬ್ಬಕ್ಕೂ ನಾನೇ ಬಂದು ಕರೀತೀನಿ. ಮನೆ ನಾನು ಕೊಂಡ್ರೂ ನಿಮ್ಮ ತವರು ಎಲ್ಲಿಗೂ ಹೋಗಲ್ಲ."

ಬೇರೆಯವರ ಗೋಡೆಗಳ ನಡುವೆ ಇದ್ದವಳಿಗೆ ಆ ಹೆಂಗಸಿನ ಸಂಕಟ ಅರ್ಥವಾಗಿತ್ತು. ಸುವರ್ಣಮ್ಮ ಅವಳನ್ನು ನೋಡಿ, ಸೆರಗು ಹಿಡಿದು ಒಡ್ಡಿದರು. ಬೊಗಸೆ ಬೊಗಸೆಯಾಗಿ ಅಕ್ಕಿ ಬಿತ್ತು. ತಿಪ್ಪೇರುದ್ರಪ್ಪ ಗೋಡೆ ಕಡೆ ತಿರುಗಿ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು.

ಸುವರ್ಣಮ್ಮ ಮಡಿಲು ಕಟ್ಟಿಕೊಂಡು ಎದ್ದರು. "ಪದ್ಮಾವತಮ್ಮಂಗೆ ಹೇಳು, ಸೈ ಹಾಕ್ತೀನಿ." ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. "ಇನ್ನೊಂದು ಮಾತು ಐತೆ ಕಣಮ್ಮ. ಮಡ್ಲು ತುಂಬಿದ್ಮೇಲೆ ನೀನು ನನ್ನ ತವರಿನ ಹುಡುಗಿ. ನಮ್ಮ ಕಡೆ ಸೊಸೆ ತರೋದಿದ್ರೆ ಮೊದಲು ತವರನ್ನೇ ಕೇಳೋದು. ಅಣ್ಣನ ಮಗಳನ್ನ ಬೇರೆ ಮನೆಗೆ ಕೊಟ್ಬುಟ್ಟವ್ರೆ, ಆ ಬಾಕಿ ಹಂಗೇ ಐತೆ. ನಾನು ಕೇಳ್ತಾ ಇವ್ನಿ. ಉತ್ತರ ನಂಗೆ ಬೇಡ, ಹೊರಗೆ ಜಗಲಿ ಮೇಲೆ ಕುಂತವ್ನಲ್ಲ, ಅವನಿಗೆ ಹೇಳು."

ಅಣ್ಣತಂಗಿ ಹಿತ್ತಲ ನುಗ್ಗೆ ಮರ ನೋಡಲು ಹೋದರು. ಶಿವರಂಜನಿ ಜಗಲಿಗೆ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮರೇಶನ ಕಿವಿ ಕೆಂಪಾಗಿತ್ತು.

"ಲಾಯರ್ ಸಾರ್, ಮನೆ ನನ್ನ ಹೆಸರಲ್ಲೇ ಇರ್ತದೆ. ಮದುವೆ ಆದ್ರೂ."

"ಇರ್ಲೇಬೇಕು. ಇಲ್ದಿದ್ರೆ ಅಮ್ಮಂಗೆ ತವರಿಲ್ಲ," ಅಂದ ಅವನು. ಇನ್ನೇನೋ ಹೇಳಬೇಕೆಂದು ಕಾದು, ಕಡೆಗೆ ಹೇಳಿಯೇಬಿಟ್ಟ. "ನೀವಂದ್ರೆ ನಂಗೆ ತುಂಬಾ ಇಷ್ಟ. ಅವತ್ತು ಹೆಲ್ಮೆಟ್ ತಗೊಂಡು ಹೋದ್ರಲ್ಲ, ಅವತ್ತಿಂದ."

"ನಂಗೆ ಕೆಂಪಿ ಜೊಲ್ಲು ಸುರಿಸಿದ ದಿನದಿಂದ," ಅಂದಳು ಅವಳು. ಈ ಸಲ ಗುಳಿ ಬಿದ್ದದ್ದು ಹಗಲು ಬೆಳಕಿನಲ್ಲಿ ಚೆನ್ನಾಗಿಯೇ ಕಂಡಿತು.

ರಿಜಿಸ್ಟ್ರೇಶನ್ ಆದ ದಿನ ಸಂಜೆ ಅವಳು ಗಡಿಯಾರ ತಂದಳು. ಅಮರೇಶ ಸ್ಟೂಲು ಹತ್ತಿ, ನಡುಮನೆಯ ಗೋಡೆಗೆ ಮೊಳೆ ಹಿಡಿದು, ಸುತ್ತಿಗೆ ಎತ್ತಿ, ಹಾಗೇ ನಿಂತ.

"ಯಾಕೆ ನಿಂತ್ರಿ?"

"ನಿಮ್ಮ ಗೋಡೆ. ಅಪ್ಪಣೆ ಬೇಕು."

ಅವಳು ಅವನನ್ನು ಕೆಳಗಿಳಿಸಿದಳು. ಸುತ್ತಿಗೆ ಇಸಿದುಕೊಂಡು, ಸೆರಗು ಸಿಕ್ಕಿಸಿ, ತಾನೇ ಸ್ಟೂಲು ಹತ್ತಿದಳು.

"ಮೊದಲನೇದು ನಂದು. ಎರಡನೇದು ನೀವು ಹೊಡೀರಿ, ಕೇಳ್ದೆ."