ಮುಳುಗಿದ ಕೊಳದಲ್ಲಿ ಕಾಲಿಟ್ಟು

"ಈ ಕೊಳದಲ್ಲಿ ಕಾಲು ಇಳಿಬಿಟ್ಟು ಕೂರೋಣ, ನಾವಿಬ್ರೇ. ಕರ್ಕೊಂಡು ಹೋಗ್ತೀನಿ."

ಮೈಸೂರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ತಿರುಮಲೇಶ್ ಹೇಳಿದ ಮಾತು ಅದು, ೧೯೬೭ರಲ್ಲಿ. ಅಮೆರಿಕದಿಂದ ಬಂದ ಗಂಡು ನನ್ನ ಮುಖ ನೋಡುವುದು ಬಿಟ್ಟು ಕೈಗೊಂದು ವ್ಯೂಮಾಸ್ಟರ್, ಚಿತ್ರ ನೋಡುವ ಪುಟ್ಟ ಪೆಟ್ಟಿಗೆ, ಕೊಟ್ಟಿತ್ತು. ಕಣ್ಣಿಗಿಟ್ಟರೆ ಹವಾಯಿಯ ಒಂದು ದ್ವೀಪ, ಅಲ್ಲಿ ಹಿಂದಿನ ಕಾಲದ ರಾಣಿಯರು ಮೀಯುತ್ತಿದ್ದ ಬಿಸಿನೀರಿನ ಕೊಳ.

"ಚೆನ್ನಾಗಿದ್ಯಾ?"

"ಯಾವುದು?" ಎನ್ನುತ್ತಾ ಅದನ್ನು ಕಣ್ಣಿಂದ ಇಳಿಸಿದೆ. ಅವರ ಕಿವಿ ಕೆಂಪಾಗಿತ್ತು. ನಾನು ಒಪ್ಪಿದ್ದು ಆ ಕಿವಿಗೆ.

ಆಮೇಲೆ ಎಂಟು ವರ್ಷ ಅಮೆರಿಕದ ಸ್ಟರ್ಲಿಂಗ್ ಹೈಟ್ಸ್ ಊರಲ್ಲಿ. ಕಾರು ಕಾರ್ಖಾನೆಯಲ್ಲಿ ಅವರಿಗೆ ಸೆಕೆಂಡ್ ಶಿಫ್ಟ್, ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಬೆಳಗಿನ ಕೆಲಸ. ನಾನು ಬರುವಷ್ಟರಲ್ಲಿ ಅವರು ಹೊರಟಿರುತ್ತಿದ್ದರು. ಅವರು ಬರುವಾಗ ನನಗೂ ಮಗಳು ಭಾನುವಿಗೂ ನಿದ್ದೆ. ಅವರು ಇಳಿಸಿಟ್ಟ ಡಿಕಾಕ್ಷನ್ ನನಗೆ, ನಾನು ಒಲೆಯ ಮೇಲಿಟ್ಟ ಸಾರು ಅವರಿಗೆ. ನಮ್ಮ ಸಂಸಾರ ಪಾತ್ರೆಗಳ ಮೂಲಕ ಮಾತಾಡುತ್ತಿತ್ತು.

ಕಳೆದ ಚಳಿಗಾಲ ಚಿಕಾಗೋ ಹತ್ತಿರ, ನಮ್ಮೂರಿಂದ ಐದು ಗಂಟೆ ದೂರದ ಅರೋರಾದ ಆಸ್ಪತ್ರೆಯೊಂದು ನನ್ನನ್ನು ಕೆಲಸಕ್ಕೆ ಕರೆಯಿತು. ಬೇಸಿಗೆ ಮುಗಿಯುವುದರೊಳಗೆ ಸೇರಬೇಕು.

"ಭಾನುನ ಕರ್ಕೊಂಡು ಹೋಗ್ಲೇನ್ರೀ?"

"ನಿನ್ನಿಷ್ಟ ಕಣೇ, ಇಂದೂ."

ಬೇಡ ಅನ್ನುತ್ತಾರೆಂದು ಕಾದಿದ್ದೆ. ಅನ್ನಲಿಲ್ಲ.

ಜುಲೈಯಲ್ಲಿ ಹೊಸ ಮಾಡೆಲ್ ಕಾರಿಗೆ ಮೆಷೀನು ಬದಲಿಸಲು ಕಾರ್ಖಾನೆ ಮುಚ್ಚಿತು. ಒಂದು ಬೆಳಿಗ್ಗೆ ಕಾಫಿ ಲೋಟ ನೋಡುತ್ತಾ ಹೇಳಿದರು: "ಹವಾಯಿಗೆ ಟಿಕೆಟ್ ತಗೊಂಡಿದೀನಿ."

"ಈಗ್ಯಾಕೆ?"

"ಹೇಳಿದ್ನಲ್ಲ, ಅವತ್ತು."

ಚಿಕಾಗೋದಿಂದ ವಿಮಾನ. ಭಾನುವನ್ನು ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಗೆಳತಿ ಶೈಲಾಳ ಮನೆಯಲ್ಲಿ ಬಿಟ್ಟೆವು. "ಏನ್ ತಿರುಮಲೇಶ್, ಈಗ ಹನಿಮೂನು ನೆನಪಾಯ್ತಾ?" ಎಂದು ಶೈಲಾ ಚುಚ್ಚಿದಳು. ಅವರ ಕಿವಿ ಮತ್ತೆ ಕೆಂಪಾಯಿತು. ಇಬ್ಬರೂ ಜೊತೆಯಾಗಿ ಮಾಡುವ ಕಡೆಯ ಪ್ರಯಾಣ ಇದೇ ಇರಬಹುದು ಎಂದುಕೊಂಡು ವಿಮಾನದಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅಲ್ಲಿಗೆ ಹೋದರೆ ಕೊಳವಿಲ್ಲ. ಸಮುದ್ರದವರೆಗೂ ಕಪ್ಪು ಕಲ್ಲು. ಹಣ್ಣು ಮಾರುತ್ತಿದ್ದ ಮುದುಕಿ ನಮ್ಮ ಕಾಲ ಕೆಳಗೆ ಬೆರಳು ತೋರಿಸಿದಳು. ೧೯೬೦ರಲ್ಲಿ ಜ್ವಾಲಾಮುಖಿ ಒಡೆದು ಲಾವಾದಲ್ಲಿ ಎಲ್ಲ ಮುಳುಗಿತಂತೆ.

"ನೀವು ಮಾತು ಕೊಡೋ ಹೊತ್ತಿಗೇ ಮುಳುಗಿ ಹೋಗಿತ್ತಲ್ರೀ!" ಎಂದೆ. ನಗು ಬಂತು, ಅರ್ಧದಲ್ಲೇ ನಿಂತಿತು.

ಅವರು ಕೂತು ಕಲ್ಲಿನ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಚೀಲದಿಂದ ಥರ್ಮಾಸ್ ತೆಗೆದರು. ತಣ್ಣೀರು ಕುಡಿದರೆ ಅವರ ಗಂಟಲು ಕಟ್ಟುತ್ತದೆಂದು ಎಲ್ಲಿಗೆ ಹೋದರೂ ನಾನು ಒಯ್ಯುವ ಬಿಸಿನೀರು. ಕಲ್ಲಿನ ಒಂದು ಕುಳಿಗೆ ಅಷ್ಟನ್ನೂ ಸುರಿದರು.

"ಚಪ್ಪಲಿ ಬಿಡು. ಬೇಗ, ಇಂಗತ್ತೆ!"

"ಹುಚ್ಚೇನ್ರೀ ನಿಮಗೆ?"

"ಬಿಡು ಅಂದ್ರೆ."

ಕಾಲಿಟ್ಟೆ. ಬೆಚ್ಚಗಿತ್ತು. ಅವರು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ನನ್ನ ಪಾದದ ಮೇಲೆ ಬಿಟ್ಟರು. ಧಾರೆಯ ದಿನ ನಮ್ಮಪ್ಪ ಅವರ ಕಾಲು ತೊಳೆದಿದ್ದರು; ನನ್ನ ಕಾಲನ್ನು ಯಾರೂ ತೊಳೆದಿರಲಿಲ್ಲ.

"ನೀವೂ ಇಡಿ."

ನಾಲ್ಕು ಕಾಲಿಗೆ ಜಾಗವಿರಲಿಲ್ಲ. ನನ್ನ ಪಾದದ ಮೇಲೇ ಅವರ ಪಾದವಿಟ್ಟರು.

"ಅರೋರಾಕ್ಕೆ ಹೋಗಬೇಡ ಕಣೇ, ಇಂದೂ."

"ಇದನ್ನ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ?"

"ಮನೇಲಿ ನೀನು ಎದ್ದಿರೋದೇ ನೋಡಿಲ್ವಲ್ಲೇ. ಡೇ ಶಿಫ್ಟ್‌ಗೆ ಅಪ್ಲೈ ಮಾಡಿದೀನಿ."

ನೀರು ಇಂಗಿತು. ಕಾಲು ತೆಗೆಯಲಿಲ್ಲ ಇಬ್ಬರೂ.

ವಾಪಸು ಬಂದು ಅರೋರಾಕ್ಕೆ ಫೋನ್ ಮಾಡಿ ಬರುವುದಿಲ್ಲವೆಂದೆ. ಡೇ ಶಿಫ್ಟ್ ಇನ್ನೂ ಸಿಕ್ಕಿಲ್ಲ. ಸಾರು ಒಲೆಯ ಮೇಲಿದೆ.

ಕೊಳಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು. ಕರೆದುಕೊಂಡು ಹೋದರು.