ಹದಿನೇಳನೇ ಮೊಳೆಯ ಬೀಗ

"ಟಕ್" ಎಂದಿತು. ಸಾಬೂನು ಕಾರ್ಖಾನೆಯ ರಾತ್ರಿ ಪಾಳಿ. ಹನ್ನೊಂದು ಗಂಟೆ ನಲವತ್ತು ನಿಮಿಷ. ತೂಕದ ಮೇಜಿನ ಮುಂದಿದ್ದ ಹೆಂಗಸು ತಲೆಯೆತ್ತಿದಳು. ರಿಪೇರಿಗೆಂದು ಸಾಬೂನು ಕಲಸುವ ದೊಡ್ಡ ಮಿಕ್ಸರ್ ನಿಲ್ಲಿಸಿದ್ದರಿಂದ ಅಷ್ಟು ಸಣ್ಣ ಸದ್ದೂ ಕೇಳಿಸಿತ್ತು. ಮರುಕ್ಷಣವೇ ಮಿಕ್ಸರ್ ತಿರುಗತೊಡಗಿತು. ಅದರೊಳಗಿಂದ ಒಂದೇ ಒಂದು ಕೂಗು ಬಂತು.

ಮೂರನೇ ದಿನ ಬೆಳಿಗ್ಗೆ 9.20ಕ್ಕೆ, ಸತ್ತ ಫಿಟ್ಟರ್‌ನ ಹೆಂಡತಿ ಠಾಣೆಗೆ ಬಂದಳು. ಕೈಯಲ್ಲಿ ಕಾರ್ಖಾನೆಯ ವರದಿಯಿತ್ತು: "ಮಾನವ ದೋಷ. ಮೃತರು ಸ್ವಿಚ್‌ಗೆ ತಮ್ಮ ಬೀಗ ಹಾಕದೆ ಯಂತ್ರದೊಳಗೆ ಇಳಿದಿದ್ದಾರೆ."

"ಇದು ಸುಳ್ಳು ಮೇಡಂ," ಎಂದಳು. "ಮನೆ ಬೀಗಾನೇ ಮೂರು ಸಲ ಜಗ್ಗಿ ನೋಡೋರು. ಬಸ್ ಸ್ಟಾಪಿಂದ ವಾಪಸ್ ಬಂದು ಇನ್ನೊಂದು ಸಲ ನೋಡೋರು. ನಾನೇ ಬಯ್ತಿದ್ದೆ."

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿಲ್ಲ. ಅಪ್ಪ ತಾನೇ ತಪ್ಪು ಮಾಡ್ಕೊಂಡು ಸತ್ನಾ ಅಂತ ಮಗಳು ಕೇಳ್ತಾಳೆ. ಅವಳಿಗೆ ಏನು ಹೇಳ್ಲಿ?"

FIR ದಾಖಲಾಯಿತು. ಹನ್ನೊಂದು ಗಂಟೆಗೆ ಇನ್‌ಸ್ಪೆಕ್ಟರ್, ದಫೇದಾರನೊಂದಿಗೆ ಕಾರ್ಖಾನೆ ತಲುಪಿದರು. ಆ ರಾತ್ರಿಯ ಪಾಳಿಯವರಿಗೆ ಈಗ ಹಗಲು ಪಾಳಿ.

ಅಲ್ಲಿ ರಿಪೇರಿಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಬೀಗ, ಅದಕ್ಕೆ ಒಂದೇ ಕೀಲಿ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಜಡಿದು, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು. ಅವನು ಹೊರಬಂದು ತೆಗೆಯುವ ತನಕ ಯಂತ್ರ ಓಡುವಂತಿಲ್ಲ. ಈ ನಿಯಮ ತಂದವರು ಪಾಳಿಯ ಸೂಪರ್‌ವೈಸರ್. ತಪ್ಪು ತಗ್ಗಿಸಲೆಂದು ವಾರಕ್ಕೊಂದು ಪಾಠ ಮಾಡುತ್ತಿದ್ದ ಅವರಿಗೆ ಎಲ್ಲರೂ ಇಟ್ಟ ಹೆಸರು ಮೇಷ್ಟ್ರು. ಅವರ ಮೇಜಿನ ಹಿಂದೆ "ತಪ್ಪಿಲ್ಲದ ದಿನಗಳು" ಎಂಬ ಬೋರ್ಡಿತ್ತು, ಅಂಕಿ ಒರೆಸಿತ್ತು. ಪಕ್ಕದಲ್ಲಿ ಇನ್ನೊಂದು: "ಆಯ್ತು ಎನ್ನಬೇಡಿ."

"ಇದೇನಿದು?" ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ಕೇಳಿದರು.

"ಸ್ವಿಚ್ ಆಫ್ ಮಾಡು ಅಂದ್ರೆ 'ಆಯ್ತು' ಅಂತಾರೆ ಮೇಡಂ. ಮಾಡಿ ಆಯ್ತು ಅಂತಲೋ, ಮಾಡ್ತೀನಿ ಅಂತಲೋ? ಅದರಲ್ಲೇ ಹಿಂದೆ ಒಬ್ಬನ ಬೆರಳು ಹೋಯ್ತು. ಅದಕ್ಕೇ ಈಗ 'ಮಾಡಿದ್ದೇನೆ' ಅನ್ಬೇಕು, ಇಲ್ಲಾ 'ಮಾಡ್ತೀನಿ' ಅನ್ಬೇಕು."

"ಮದುವೆ ಆಯ್ತಾ ಅಂತ ಕೇಳಿದ್ರೂ 'ಮಾಡ್ಕೊಂಡಿದ್ದೇನೆ' ಅನ್ಬೇಕು ಇಲ್ಲಿ," ತೂಕದ ಹೆಂಗಸು ಗೊಣಗಿದಳು. ಯಾರೂ ನಗಲಿಲ್ಲ. ಮೇಷ್ಟ್ರು ಅವಳತ್ತ ನೋಡಿದರು. ಅವಳು ತಕ್ಕಡಿಯತ್ತ ಬಗ್ಗಿದಳು. ಆ ನೋಟವನ್ನು ಇನ್‌ಸ್ಪೆಕ್ಟರ್ ಗಮನಿಸಿದರು.

"ಅವನ ಬೀಗ ನೋಡಿ, ಮೊಳೆಯಿಂದ ತೆಗೆದೇ ಇಲ್ಲ," ಮೇಷ್ಟ್ರು ಗೋಡೆ ತೋರಿಸಿದರು. ಸಾಲು ಮೊಳೆಗಳಲ್ಲಿ ತೂಗುತ್ತಿದ್ದ ಬೀಗಗಳಿಗೆಲ್ಲ ಗ್ರೀಸು, ಒಣಗಿದ ಸಾಬೂನು ಅಂಟಿತ್ತು. ಹದಿನೇಳನೆಯದು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಹೊಸದಾ?"

"ತೊಳೆದಿರಬೇಕು. ಬಹಳ ನೀಟು ಮನುಷ್ಯ."

ಅಷ್ಟು ನೀಟು ಮನುಷ್ಯ ಬೀಗವನ್ನೇ ಮರೆತನೇ? ಇನ್‌ಸ್ಪೆಕ್ಟರ್ ಪಂಚರನ್ನು ಕರೆಸಿದರು. 12.15ಕ್ಕೆ ಪಂಚನಾಮೆ ಮಾಡಿ ಬೀಗವನ್ನು ವಶಕ್ಕೆ ಪಡೆದರು.

ಮಧ್ಯಾಹ್ನ 2.40. ಫಿಟ್ಟರ್‌ನ ಮನೆಯಲ್ಲಿ ಅವನ ಹೆಂಡತಿ, ಆಸ್ಪತ್ರೆಯವರು ಕೊಟ್ಟಿದ್ದ ಪೊಟ್ಟಣ ಬಿಚ್ಚಿದಳು. ಕೈಗಡಿಯಾರ, ಕರವಸ್ತ್ರ, ಜೇಬಿನಲ್ಲಿದ್ದ ಒಂದು ಕೀಲಿ. ಕೀಲಿಯ ಮೇಲೆ 17 ಎಂದು ಕೊರೆದಿತ್ತು. ದಫೇದಾರ ಬೀಗಕ್ಕೆ ಹಾಕಿ ತಿರುಗಿಸಿದ. ಜಪ್ಪಯ್ಯ ಎಂದರೂ ತಿರುಗಲಿಲ್ಲ.

"ಎಣ್ಣೆ ಬಿಡ್ಲಾ ಮೇಡಂ?"

"ಬೇಡ ಕಣಯ್ಯ. ಇದು ಆ ಬೀಗಾನೇ ಅಲ್ಲ."

ನಾಲ್ಕು ಗಂಟೆಗೆ ತೂಕದ ಹೆಂಗಸನ್ನು ಅವಳ ಮನೆಯಲ್ಲೇ ವಿಚಾರಿಸಿದರು.

"ಆ ರಾತ್ರಿ ಏನು ಕೇಳಿಸ್ತು?"

"ಏನೂ ಇಲ್ಲ."

"ಮಿಕ್ಸರ್ ನಿಂತಿತ್ತಲ್ಲ?"

"ನನ್ನ ಕೆಲಸ ಹೋಗುತ್ತೆ ಮೇಡಂ."

"ಅಕ್ಕಾ, ನಾಳೆ ಅದರೊಳಗೆ ಇಳಿಯೋನು ಯಾರು?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಎರಡು ಸಲ. "ಟಕ್ ಅಂತು. ಕಬ್ಬಿಣ ಕತ್ತರಿಸಿದ ಹಾಗೆ. ಆ ಕೂಗು ಬಂದ ಮೇಲೆ ಮೇಷ್ಟ್ರು ಸ್ವಿಚ್ ಕಡೆಯಿಂದ ಓಡಿಬಂದ್ರು. ಕೈಯಲ್ಲಿ ಉದ್ದ ಕಟರ್ ಇತ್ತು."

5.30ಕ್ಕೆ ಕಾರ್ಖಾನೆಯಲ್ಲಿ ದಫೇದಾರ ಅಂಗಿಯ ತೋಳು ಮಡಚಿ, ರದ್ದಿ ಸಾಬೂನಿನ ಡ್ರಮ್ಮುಗಳನ್ನು ಸಲಾಕೆಯಿಂದ ಕೆದಕಿದ. ಮೂರನೆಯದರಲ್ಲಿ ಕೊಕ್ಕೆ ತುಂಡಾದ ಬೀಗ ಸಿಕ್ಕಿತು. ಪಂಚರ ಎದುರು ಫಿಟ್ಟರ್‌ನ ಕೀಲಿ ಹಾಕಿದರು. ಸಲೀಸಾಗಿ ತಿರುಗಿತು.

6.10ಕ್ಕೆ ಮೇಷ್ಟ್ರನ್ನು ಬಂಧಿಸಲಾಯಿತು. ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ.

"ಯಾಕೆ ಕತ್ತರಿಸಿದ್ರಿ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

"ಕೆಲಸ ಮುಗಿಸಿ, ಬೀಗ ಮರೆತು ಹೋಗಿದ್ದಾನೆ ಅಂದ್ಕೊಂಡೆ. ಒಳಗೆ ಸದ್ದೇ ಇರಲಿಲ್ಲ. ಪಾಳಿಯ ಕೆಲಸ ಆಗಲೇ ತಡವಾಗಿತ್ತು."

"ಹತ್ತಿ ನೋಡೋಕೆ ಎಷ್ಟು ಮೆಟ್ಟಿಲು?"

"ನಾಲ್ಕು."

"ನೋಡಿದ್ರಾ?"

"ಇಲ್ಲ."

"ಆಮೇಲೆ ಬೇರೆ ಬೀಗಕ್ಕೆ ನಂಬರ್ ಬರೆದು ತೂಗುಹಾಕಿದ್ರಿ."

"ನಾನೂರು ದಿನ ಇವರಿಗೆಲ್ಲ ತಪ್ಪು ಮಾಡಬೇಡಿ ಅಂತ ಪಾಠ ಹೇಳಿದೋನು ನಾನು. ನಾನೇ ಮಾಡಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ದಫೇದಾರ ಹೇಳಿಕೆ ಬರೆದು ಓದಿ ಹೇಳಿದ. ಮೇಷ್ಟ್ರು ಸಹಿ ಹಾಕಿದರು. ದಫೇದಾರ ನೀರು ತರಲು ಹೋದಾಗ ತಗ್ಗಿದ ದನಿಯಲ್ಲಿ ಹೇಳಿದರು: "ಅದಕ್ಕೆ ಹತ್ತು ನಿಮಿಷ ಮುಂಚೆ ಹೊರಗಿಂದ ಕೂಗಿ ಕೇಳಿದ್ದೆ ಮೇಡಂ, ಆಯ್ತಾ ಅಂತ. ಅವನು 'ಆಯ್ತು' ಅಂದ."

ಇನ್‌ಸ್ಪೆಕ್ಟರ್‌ಗೆ ಆ ಬೋರ್ಡು ನೆನಪಾಯಿತು. ಬೇಗ ಮುಗಿಸು ಎಂದಿದ್ದಾರೆ ಅಂದುಕೊಂಡು, ಮುಗಿಸುತ್ತೇನೆ ಎಂಬರ್ಥದಲ್ಲಿ ಫಿಟ್ಟರ್ 'ಆಯ್ತು' ಎಂದಿದ್ದನೇನೋ. ಕೇಳೋಣವೆಂದರೆ ಅವನಿಲ್ಲ.

"ಹೇಳಿಕೇಲಿ ಇದಿಲ್ಲವಲ್ಲ. ನಿಮಗೇ ಅನುಕೂಲ ಆಗ್ತಿತ್ತು."

"ಒಂದು ಸಲ ತಪ್ಪನ್ನ ಅವನ ತಲೆಗೆ ಕಟ್ಟಿದೆ. ಇನ್ನೊಂದು ಸಲ ಬೇಡ."

ಹೊರಗೆ ಬೆಂಚಿನ ಮೇಲೆ ಫಿಟ್ಟರ್‌ನ ಹೆಂಡತಿ ಮಗಳೊಂದಿಗೆ ಕಾಯುತ್ತಿದ್ದಳು. ಇನ್‌ಸ್ಪೆಕ್ಟರ್ ಬಾಗಿಲಿಗೆ ಬಂದ ಕೂಡಲೇ ಹುಡುಗಿ ಎದ್ದು ನಿಂತಳು.

"ನಿಮ್ಮಪ್ಪ ಬೀಗ ಹಾಕಿದ್ರು ಪುಟ್ಟಾ. ಸರಿಯಾಗೇ ಹಾಕಿದ್ರು."

ನೀರಿನ ಲೋಟ ಹಿಡಿದು ಬಂದ ದಫೇದಾರ ಕೇಳಿದ: "ಆಸಾಮಿ ಇನ್ನೇನಾದ್ರೂ ಬಾಯಿಬಿಟ್ಟನಾ ಮೇಡಂ? ಹೇಳಿಕೆಗೆ ಸೇರಿಸ್ಲಾ?"

ಸೇರಿಸಿದರೆ ಆ ಒಂದು ಪದವನ್ನು ಹಿಡಿದು ಯಾರೋ ಮತ್ತೆ ಮಾನವ ದೋಷ ಎಂದು ಬರೆಯುತ್ತಾರೆ. ಬಿಡುವುದು ತಪ್ಪು ಎಂಬುದೂ ಅವರಿಗೆ ಗೊತ್ತಿತ್ತು. ಹುಡುಗಿ ಅಮ್ಮನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

"ಏನಿಲ್ಲ," ಎಂದು ಇನ್‌ಸ್ಪೆಕ್ಟರ್ ಕಡತ ಕಟ್ಟಿದರು.